ಆಟ ಮುಗಿದ ಮೇಲೂ ಅಲ್ಲೇ ಇರುವವರು

ಅವನು: ಟೆಕ್ಸಾಸಿನ ಪಾಲೊ ಡ್ಯೂರೊ ಕಮರಿಯ ಬಯಲು ನಾಟಕವನ್ನು ಹೊಗಳುವವರು ನಾಟಕದ ಮಾತೆತ್ತುವುದೇ ಕಡಿಮೆ, ಬರೀ ಜಾಗದ ಬಣ್ಣನೆ. ಆರುನೂರು ಅಡಿ ಎತ್ತರದ ಕೆಂಪು ಬಂಡೆ, ಅದರ ನೆತ್ತಿಯಲ್ಲಿ ಬಾವುಟ ಹಿಡಿದು ಕುದುರೆ ಓಡಿಸುವ ಒಂಟಿ ಸವಾರ, ಕೊನೆಗೆ ಆಕಾಶ ತುಂಬ ಸಿಡಿಮದ್ದು. ಕಥೆ ಏನೆಂದು ಕೇಳಿದರೆ ತಡವರಿಸುತ್ತಾರೆ. ದೃಶ್ಯ ಬೇಕಾದವರಿಗೆ ಕಮರಿ ಹಗಲು ಹೊತ್ತು ಹೇಗೂ ಇದೆ. ನಾಟಕ ಬೇಕಾದವರಿಗೆ ದೊಡ್ಡ ಊರುಗಳಲ್ಲಿ ಒಳ್ಳೊಳ್ಳೆಯ ರಂಗಮಂದಿರಗಳಿವೆ. ಎರಡನ್ನೂ ಕಲಸಿಟ್ಟು, ಪಕ್ಕದಲ್ಲೇ ಮನೆಯಂಥ ಗಾಡಿ, ಅಂದರೆ ಆರ್‌ವಿ ನಿಲ್ಲಿಸಿಕೊಂಡು ಮಲಗುವುದರಲ್ಲಿ ಅಂಥ ವಿಶೇಷ ಏನು? ಟಿಕೆಟ್ಟು ಕೊಂಡು ನೋಡಿ, ಅರ್ಧ ಗಂಟೆ ದೂರದ ಅಮರಿಲ್ಲೊದ ಹೋಟೆಲಿಗೆ ಮರಳಿದವನಿಗಿಂತ ಕಮರಿಯ ಕ್ಯಾಂಪಿನಲ್ಲಿ ಉಳಿದವನು ಹೆಚ್ಚೇನು ಕಂಡ ಹಾಗಾಯಿತು?

ಅವಳು: ಹೆಚ್ಚು ಕಾಣುತ್ತಾನೆ ಅನ್ನುವುದೇ ನನ್ನ ವಾದ. ಅದರ ಬೇರು ಆ ನಾಟಕ ಹುಟ್ಟಿದ ಬಗೆಯಲ್ಲಿದೆ. 1960ರಲ್ಲಿ ಕಮರಿಯ ಹತ್ತಿರದ ಕ್ಯಾನ್ಯನ್ ಎಂಬ ಸಣ್ಣ ಊರಿನ ಮಾರ್ಗರೆಟ್ ಹಾರ್ಪರ್ ಎಂಬಾಕೆ ರೀಡರ್ಸ್ ಡೈಜೆಸ್ಟಿನಲ್ಲಿ ನಾಟಕಕಾರ ಪಾಲ್ ಗ್ರೀನ್ ಬಗ್ಗೆ ಬಂದ ಲೇಖನ ಓದಿ ಅವರಿಗೆ ಪತ್ರ ಬರೆದರು. ಗ್ರೀನ್ ಆ ಹೊತ್ತಿಗೆ ದೊಡ್ಡ ಹೆಸರು. 1927ರಲ್ಲಿ ಪುಲಿಟ್ಜರ್ ಪಡೆದಿದ್ದರು. 1937ರಿಂದ ನಾರ್ತ್ ಕ್ಯಾರೊಲಿನಾದ ರೋನೋಕ್ ದ್ವೀಪದಲ್ಲಿ ಅವರ 'ದಿ ಲಾಸ್ಟ್ ಕಾಲನಿ' ಬಯಲಲ್ಲಿ ನಡೆಯುತ್ತಿತ್ತು. 16ನೇ ಶತಮಾನದ ಕೊನೆಗೆ ಅಲ್ಲಿ ಬಂದಿಳಿದು, ಆಮೇಲೆ ಕಾಣೆಯಾದ ಇಂಗ್ಲಿಷ್ ವಲಸಿಗರ ಕಥೆ ಅದು, ಆಡುವುದೂ ಅದೇ ದ್ವೀಪದಲ್ಲಿ. ಮಾತು, ಹಾಡು, ಕುಣಿತ, ವಾದ್ಯ, ಬೆಳಕು ಎಲ್ಲ ಕೂಡಿದ ಈ ಬಗೆಯ ನಾಟಕವನ್ನು ಅವರು ಸಿಂಫೋನಿಕ್ ಡ್ರಾಮಾ ಎಂದು ಕರೆದರು. ಹಾರ್ಪರ್ ಅವರ ಪತ್ರದಿಂದ ಶುರುವಾದದ್ದು ಊರವರ ಕೆಲಸವಾಯಿತು. 1961ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು, ಕಮರಿಯ ತಳದಲ್ಲಿ ಸಾವಿರದ ಆರುನೂರು ಜನ ಕೂರುವಷ್ಟು ದೊಡ್ಡ ಬಯಲು ರಂಗ ಎದ್ದಿತು, 1966ರ ಜುಲೈ 1ರಂದು ಗ್ರೀನ್ ಬರೆದ 'ಟೆಕ್ಸಾಸ್' ಮೊದಲ ಪ್ರದರ್ಶನ ಕಂಡಿತು. ಇವತ್ತಿಗೂ ಬೇಸಿಗೆ ಬಂತೆಂದರೆ ಅದರ ಆಟ ಇದ್ದೇ ಇರುತ್ತದೆ. ಗ್ರೀನ್ ಅವರ ಈ ಬಗೆಯ ನಾಟಕ ನಿಂತಿರುವುದು ಒಂದೇ ಭರವಸೆಯ ಮೇಲೆ: ಇದು ನಡೆದದ್ದು ಇದೇ ನೆಲದಲ್ಲಿ. ನಾಲ್ಕು ಗೋಡೆಯ ರಂಗಮಂದಿರ ಆ ಮಾತು ಹೇಳಲಾರದು. ಹೇಳಿದ ಮೇಲೆ, ಆ ನೆಲ ಏನನ್ನುತ್ತದೆ ಎಂದು ಕೇಳಿ ನೋಡುವ ಹಕ್ಕು ಪ್ರೇಕ್ಷಕನಿಗೆ ಬಂದೇ ಬರುತ್ತದೆ. ಆಟ ಮುಗಿದ ಕೂಡಲೇ ಪಾರ್ಕಿಂಗಿಗೆ ಓಡುವವನು ಆ ಹಕ್ಕನ್ನು ಚಲಾಯಿಸದೆಯೇ ಹೋಗುತ್ತಾನೆ. ಇರುಳು ಅಲ್ಲೇ ಕಳೆದು ಬೆಳಿಗ್ಗೆ ಎದ್ದು ಓಡಾಡುವವನಿಗೆ ಅದಕ್ಕೆ ಪುರುಸೊತ್ತಿದೆ. ಆದ್ದರಿಂದ ಕ್ಯಾಂಪ್‌ಗ್ರೌಂಡನ್ನು ನಾನು ರಂಗದ್ದೇ ಒಂದು ಭಾಗ ಎಂದು ಲೆಕ್ಕ ಹಾಕುವುದು.

ಅವನು: ಜಾಗಕ್ಕೆ ಇಷ್ಟು ಮಹತ್ವ ಕೊಡುವುದು ಅತಿಯಾಯಿತು. ನಮ್ಮಲ್ಲೇ ನೋಡಿ. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಂಗಕ್ಕೆ ತಂದಿತು. ಸಿ. ಬಸವಲಿಂಗಯ್ಯ ಅವರ ನಿರ್ದೇಶನ, ಬಯಲಲ್ಲಿ ನಾಲ್ಕು ರಂಗಸ್ಥಳ, ಇರುಳಿಡೀ ಒಂಬತ್ತು ಗಂಟೆಯ ಆಟ. ಪ್ರೇಕ್ಷಕರೇ ಎದ್ದು ಒಂದು ರಂಗದಿಂದ ಇನ್ನೊಂದಕ್ಕೆ ನಡೆಯಬೇಕಿತ್ತು. ಕಥೆ ನಡೆಯುವುದು ಮಲೆನಾಡಿನ ಕಾಡಿನಲ್ಲಿ, ಆಡಿದ್ದು ಮೈಸೂರಿನ ಮರಗಳ ಕೆಳಗೆ. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಡಿದರು. ಇದು ಸಹ್ಯಾದ್ರಿ ಅಲ್ಲ ಎಂದು ಅಲ್ಲಿ ಯಾರೂ ಎದ್ದು ಹೋಗಲಿಲ್ಲ. ನಾಟಕ ಗಟ್ಟಿಯಾಗಿದ್ದರೆ ಕಾಡನ್ನು ತಾನೇ ಕಟ್ಟಿಕೊಳ್ಳುತ್ತದೆ. ನಿಜವಾದ ಕಮರಿಯ ಆಸರೆ ಬೇಕಾಗುವುದು ನಾಟಕ ಸೊರಗಿದಾಗ.

ಅವಳು: ಉದಾಹರಣೆ ಚೆನ್ನಾಗಿದೆ, ಆದರೆ ಅದು ನನ್ನ ಕಡೆಗೇ ವಾಲುತ್ತದೆ. 'ಮದುಮಗಳು' ಕಾದಂಬರಿ, ಇದು ಇದೇ ಮರದ ಬುಡದಲ್ಲಿ ನಡೆಯಿತು ಎಂದು ಆ ಪ್ರಯೋಗ ಎಂದೂ ಹೇಳಲಿಲ್ಲ. ಕಾಡನ್ನು ಕಲ್ಪಿಸಿಕೊಳ್ಳಿ ಎಂದಿತು, ಜನ ಕಲ್ಪಿಸಿಕೊಂಡರು. 'ಟೆಕ್ಸಾಸ್' ಕೇಳುವುದು ಕಲ್ಪನೆಯನ್ನಲ್ಲ, ನಂಬಿಕೆಯನ್ನು. ಅಲ್ಲಿನ ಪಾತ್ರಗಳು ಕಲ್ಪಿತವಾದರೂ 1880ರ ದಶಕದ, ಟೆಕ್ಸಾಸಿನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್ ಪ್ರದೇಶವನ್ನು ತೋರಿಸುತ್ತೇವೆ ಅನ್ನುತ್ತದೆ ನಾಟಕ. ಬಂಡೆಯ ನೆತ್ತಿಯಲ್ಲಿ ಸವಾರ ಕಾಣಿಸಿಕೊಂಡ ಗಳಿಗೆಯಲ್ಲಿ ನೋಡುವವನಿಗೆ ಇತಿಹಾಸವೇ ಎದ್ದು ಬಂದಂತಾಗುತ್ತದೆ, ಯಾಕೆಂದರೆ ಬಂಡೆ ನಿಜ, ಕುದುರೆ ನಿಜ, ದೂರ ನಿಜ. ಸೊರಗಿದ ನಾಟಕ ಬಂಡೆಯ ಆಸರೆ ಪಡೆಯುತ್ತದೆ ಅಂದಿರಿ. ನನಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು ಇನ್ನೊಂದು: ಬಂಡೆಯ ನಿಜ ಕಥೆಗೂ ಅಂಟಿಕೊಳ್ಳುತ್ತದೆ. ಜಾಗ ಸಾಕ್ಷಿ ಹೇಳಿತು ಎಂದು ನಾವು ಕಥೆಯನ್ನು ನಂಬಿಬಿಡುತ್ತೇವೆ. ಸಾಕ್ಷಿಯನ್ನು ಕಟಕಟೆಗೆ ಕರೆದ ಮೇಲೆ ಪಾಟೀಸವಾಲು ಬೇಡವೇ?

ಅವನು: ಸವಾಲು ಹಾಕಬಹುದು, ಬಂಡೆ ಉತ್ತರ ಕೊಡಬೇಕಲ್ಲ. ಕ್ಯಾಂಪಿನಲ್ಲಿ ಮಲಗಿ ಎದ್ದವನಿಗೆ ಅದು ಅಂಥದ್ದೇನು ಹೇಳುತ್ತದೆ?

ಅವಳು: ಮೊದಲು ಸಂಜೆಯಿಂದ ಹಿಡಿಯೋಣ. ಆಟ ಶುರುವಾಗುವುದು ರಾತ್ರಿ ಎಂಟೂವರೆಗೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತು ಗಂಟೆ ದಾಟಿದ ಮೇಲೆ. ಅಂದರೆ ಮೊದಲ ದೃಶ್ಯಗಳ ಬೆಳಕು ನಿರ್ದೇಶಕನ ಕೈಯಲ್ಲಿಲ್ಲ. ರಂಗದ ಹಿಂದಿನ ಬಂಡೆಯ ಗೋಡೆ ಆ ಹೊತ್ತು ಕಿತ್ತಳೆ, ಆಮೇಲೆ ಕಂದು, ಆಮೇಲೆ ಕಪ್ಪು. ಕಪ್ಪಾದ ಮೇಲೆ ದೀಪಗಳು ಅದನ್ನು ತಮಗೆ ಬೇಕಾದ ಹಾಗೆ ಮತ್ತೆ ಬರೆಯುತ್ತವೆ. ಕುರ್ಚಿಯಲ್ಲಿ ಕೂತವನಿಗೆ ಕೊನೆಯವರೆಗೂ ಉಳಿಯುವುದು ದೀಪ ತೋರಿಸಿದ ಗೋಡೆ. ಬೆಳಿಗ್ಗೆ ಆರ್‌ವಿಯ ಬಾಗಿಲು ತೆಗೆದವನಿಗೆ ಕಾಣುವುದು ಬೇರೆ. ತಳದಲ್ಲಿ ಇಟ್ಟಿಗೆಗೆಂಪು ಜೇಡಿಗಲ್ಲು, ಅದರಲ್ಲಿ ಅಡ್ಡಡ್ಡ ಬಿಳಿ ಜಿಪ್ಸಮ್ ಎಳೆಗಳು; ಇದು ಕ್ವಾರ್ಟರ್‌ಮಾಸ್ಟರ್ ಎಂಬ ಪದರ, ಸುಮಾರು 25 ಕೋಟಿ ವರ್ಷ ಹಳೆಯದು. ಮೇಲೆ ನೇರಳೆ, ಬೂದು, ಹಳದಿ ಬಣ್ಣದ ಟೆಕೋವಾಸ್, ಅದರ ಮೇಲೆ ಚಾಚಿ ನಿಂತ ಮರಳುಗಲ್ಲು, ತುದಿಗೆ ಒಗಲಾಲಾ ಎಂಬ ಮಣ್ಣು-ಮರಳಿನ ಟೋಪಿ, ಅದು ಕೆಲವೇ ದಶಲಕ್ಷ ವರ್ಷಗಳದ್ದು. ಮರಳುಗಲ್ಲಿಗೂ ಒಗಲಾಲಾಕ್ಕೂ ನಡುವೆ ಜುರಾಸಿಕ್, ಕ್ರಿಟೇಶಿಯಸ್ ಯುಗಗಳ ಬಂಡೆ ಇಲ್ಲವೇ ಇಲ್ಲ. ಇಪ್ಪತ್ತು ಕೋಟಿ ವರ್ಷದಷ್ಟು ಕಾಲದ ದಾಖಲೆ ಒಂದೇ ಗೆರೆಯಲ್ಲಿ ಮಾಯ. ಎರಡು ಪದರಗಳು ಒಂದರ ಮೇಲೊಂದು ಕೂತಿವೆ. ತಿಳಿಯದವನಿಗೆ ನಡುವೆ ಏನೂ ತಪ್ಪಿಹೋಗಿಲ್ಲ ಎಂದೇ ತೋರುತ್ತದೆ. ಕಥೆಯಲ್ಲೂ ಹೀಗೆ ಹೊಲಿಗೆ ಕಾಣದಂತೆ ಕೂಡಿಸಿದ ಜಾಗ ಇದೆಯೇ ಎಂಬ ಸಂಶಯ ಹುಟ್ಟಲು ಇಷ್ಟು ಸಾಕು.

ಅವನು: ಸಂಶಯ ಹುಟ್ಟುವುದು ನಡೆದು ಹೋಗುವವನಿಗೆ, ಗುಡಾರ ಹಾಕಿ ಮಲಗುವವನಿಗೆ. ನೀವು ಹೇಳುತ್ತಿರುವುದು ಆರ್‌ವಿಯವರ ವಿಷಯ. ಮೂವತ್ತು ಅಡಿ ಉದ್ದದ ಗಾಡಿ, ಒಳಗೆ ಏಸಿ, ಫ್ರಿಜ್ಜು, ಸ್ನಾನದ ಮನೆ, ಟಿವಿ. ಕರೆಂಟಿನ ವೈರು ಸಿಕ್ಕಿಸಿ ಬಾಗಿಲು ಮುಚ್ಚಿಕೊಂಡರೆ ಕಮರಿಯಾದರೇನು, ಮಾಲ್‌ನ ಪಾರ್ಕಿಂಗಾದರೇನು? ಹೋಟೆಲು ಚಕ್ರದ ಮೇಲೆ ಬಂದಿದೆ ಅಷ್ಟೆ.

ಅವಳು: ಆರ್‌ವಿಯಲ್ಲಿ ತಪಸ್ಸಿದೆ ಎಂದು ನಾನು ಹೇಳಲಿಲ್ಲ. ಅದರ ಗುಣ ಇರುವುದು ಅದರ ಜಡತನದಲ್ಲಿ. ಕಮರಿಯ ತಳಕ್ಕೆ ಇಳಿಯುವ ರಸ್ತೆ ಶೇ 10ರಷ್ಟು ಇಳಿಜಾರಿನದು. ಟ್ರೈಲರ್ ಎಳೆಯುವವರು ಲೋ ಗೇರಿನಲ್ಲಿ ಬ್ರೇಕನ್ನು ಕಾಪಾಡಿಕೊಳ್ಳುತ್ತ ಇಳಿಯಬೇಕು. ಇಳಿದ ಮೇಲೆ ಗಾಡಿಯನ್ನು ಮಟ್ಟ ಮಾಡಿ, ಚಕ್ರಕ್ಕೆ ಅಡೆ ಕೊಟ್ಟು, ನೀರು-ಕರೆಂಟಿನ ಹುಕ್‌ಅಪ್ ಮಾಡಿ, ಸ್ಲೈಡ್‌ಔಟ್ ಹೊರಗೆ ತೆಗೆದರೆ ಇನ್ನು ಸುಲಭಕ್ಕೆ ಎದ್ದು ಹೋಗುವ ಮಾತಿಲ್ಲ. ಹತ್ತೂವರೆಗೆ ಆಟ ಬಿಟ್ಟ ಮೇಲೆ ಕತ್ತಲಲ್ಲಿ ಅಷ್ಟು ದೊಡ್ಡ ಗಾಡಿಯನ್ನು ಆ ಏರಿಗೆ ಹಚ್ಚುವವರು ಯಾರು? ಕಾರಿನಲ್ಲಿ ಬಂದವನಿಗೆ ಉಳಿಯುವುದು ಒಂದು ಆಯ್ಕೆ. ಆರ್‌ವಿಯವನಿಗೆ ಉಳಿಯದೆ ಗತಿಯಿಲ್ಲ. ಇನ್ನು ಬಾಗಿಲು ಮುಚ್ಚಿಕೊಂಡು ಇರುವ ಮಾತು. ಬೇಸಿಗೆಯಲ್ಲಿ ಕಮರಿಯ ತಳ ಮೇಲಿನ ಬಯಲಿಗಿಂತ ಬಿಸಿ, 38 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಬಾಗಿಲು ಮುಚ್ಚದಿದ್ದರೆ ಅದು ಪೆದ್ದುತನ. ಅದೇ ಕಾರಣಕ್ಕೆ ಅಲ್ಲಿ ಓಡಾಡುವ ಹೊತ್ತು ಬೆಳಗಿನ ಜಾವದಿಂದ ಹತ್ತು ಗಂಟೆಯವರೆಗೆ. ಆ ಹೊತ್ತಿನಲ್ಲಿ ಕಮರಿಯೊಳಗೆ ಎದ್ದವರು ಯಾರು, ಅಮರಿಲ್ಲೊದಲ್ಲಿ ಎದ್ದು ತಿಂಡಿ ತಿನ್ನುತ್ತಿರುವವರು ಯಾರು ಎಂಬುದೇ ವ್ಯತ್ಯಾಸ.

ಅವನು: ಹಾಗಾದರೆ ಟಿಕೆಟ್ಟಿನ ಗೊಡವೆಯೂ ಬೇಡ ಅನ್ನಿ. ರಂಗದ ಹತ್ತಿರದ ಕ್ಯಾಂಪಿನಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತರೆ ಹಾಡು ಕಿವಿಗೆ ಬೀಳುತ್ತದೆ, ಸಿಡಿಮದ್ದು ಕಣ್ಣಿಗೆ ಬೀಳುತ್ತದೆ. ನಮ್ಮ ಬಯಲಾಟದಲ್ಲೂ ಗದ್ದೆಯ ಅಂಚಿನಲ್ಲಿ ನೆಲಗಡಲೆ ಸುಲಿಯುತ್ತ ಕೂತವನು, ನಡುರಾತ್ರಿ ನಿದ್ದೆ ಹೊಡೆದು ಬೆಳಗಿನ ಜಾವ ಮಹಿಷಾಸುರನ ಆರ್ಭಟಕ್ಕೆ ಎದ್ದವನು, ಎಲ್ಲರೂ ಪ್ರೇಕ್ಷಕರೇ.

ಅವಳು: ಬಯಲಾಟದಲ್ಲಿ ಅದು ಸಲ್ಲುತ್ತದೆ, ಯಾಕೆಂದರೆ ಅಲ್ಲಿನ ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತು. ದೂರದಿಂದ ಚೆಂಡೆಯ ಪೆಟ್ಟು ಕೇಳಿಯೇ ಪ್ರಸಂಗ ಎಲ್ಲಿಗೆ ಬಂತು ಎಂದು ಹೇಳುವ ಹಿರಿಯರು ಕರಾವಳಿಯಲ್ಲಿ ಇದ್ದಾರೆ. ಪಾಲೊ ಡ್ಯೂರೊದಲ್ಲಿ ಕ್ಯಾಂಪಿನ ಕುರ್ಚಿಯವರೆಗೆ ಬರುವುದು ಜೋರಾದದ್ದು ಮಾತ್ರ: ಮೇಳಗೀತ, ಸಿಡಿತ, ಚಪ್ಪಾಳೆ. ತಗ್ಗಿದ ದನಿಯ ಜಗಳ, ಜಮೀನಿನ ಲೆಕ್ಕಾಚಾರ, ಬರದ ಭಯ ಬರುವುದಿಲ್ಲ. ಹಾಗೆ ಕೇಳಿದವನಿಗೆ ನಾಟಕ ಬರೀ ಜಾತ್ರೆಯಾಗಿ ಉಳಿಯುತ್ತದೆ. ಅದರ ವಾದ ತಿಳಿಯದವನು ಅದಕ್ಕೆ ಪ್ರತಿವಾದ ಹೂಡುವುದು ಹೇಗೆ? ಆದ್ದರಿಂದ ಎರಡೂ ಬೇಕು. ಒಂದು ಇರುಳು ಸೀಟಿನಲ್ಲಿ, ಒಂದು ಬೆಳಗು ನೆಲದಲ್ಲಿ. ಯಾವ ಒಂದನ್ನು ಬಿಟ್ಟರೂ ನೋಟ ಅರ್ಧವೇ.

ಅವನು: ಸರಿ, ಪ್ರತಿವಾದ ಎಂದಿರಿ. ನನ್ನ ದೊಡ್ಡ ಆಕ್ಷೇಪಣೆ ಅಲ್ಲಿಗೇ ಬರುತ್ತದೆ. ನಾಟಕದ ಜಗಳ ದನ ಸಾಕುವ ದೊಡ್ಡ ಒಡೆಯನಿಗೂ ಉಳುಮೆಗೆ ಬಂದ ಹೊಸಬರಿಗೂ ನಡುವಿನದು. ಅದರ ಜೊತೆ ಬರ, ರೈಲಿನ ಕನಸು, ಒಂದು ಪ್ರೇಮ. ಆದರೆ ಆ ಒಡೆಯನಿಗೆ ಆ ಹುಲ್ಲು ಸಿಕ್ಕಿದ್ದು ಯಾರಿಂದ? 1874ರ ಸೆಪ್ಟೆಂಬರ್ 28ರ ಬೆಳಗಿನ ಜಾವ ಅಮೆರಿಕದ ಸೈನ್ಯದ ಕರ್ನಲ್ ಮೆಕೆಂಜಿಯ ಕುದುರೆ ಪಡೆ ಇದೇ ಕಮರಿಗೆ ಒಂದು ಕಡಿದಾದ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಇಳಿಯಿತು. ತಳದಲ್ಲಿ ಕೊಮಾಂಚಿ, ಕೈಯೊವಾ, ಶೈಯೆನ್ ಜನ ಚಳಿಗಾಲಕ್ಕೆಂದು ಬೀಡು ಬಿಟ್ಟಿದ್ದರು. ಸತ್ತವರು ಕೆಲವೇ ಜನ. ಆದರೆ ಡೇರೆಗಳು, ಕಂಬಳಿಗಳು, ಒಣಗಿಸಿಟ್ಟ ಮಾಂಸ, ಹಿಟ್ಟು ಎಲ್ಲ ಬೆಂಕಿಗೆ ಹೋಯಿತು. ಸುಮಾರು 1,400 ಕುದುರೆಗಳು ಸೈನ್ಯದ ಕೈಗೆ ಸಿಕ್ಕವು. ಕೆಲವನ್ನು ತಮ್ಮ ಸ್ಕೌಟುಗಳಿಗೆ ಹಂಚಿ, ಉಳಿದ ಸಾವಿರಕ್ಕೂ ಹೆಚ್ಚನ್ನು ಟೂಲಿ ಕಮರಿಯಲ್ಲಿ ಗುಂಡಿಟ್ಟು ಕೊಂದರು. ಕುದುರೆಯಿಲ್ಲದೆ, ಆಹಾರವಿಲ್ಲದೆ ಜನ ಒಂದೊಂದೇ ಗುಂಪಾಗಿ, ಸರ್ಕಾರ ಅವರಿಗೆ ಗೊತ್ತುಮಾಡಿದ ರಿಸರ್ವೇಶನ್‌ಗೆ ನಡೆದರು. 1875ರ ಜೂನ್‌ನಲ್ಲಿ ಕೊಮಾಂಚಿ ನಾಯಕ ಕ್ವಾನಾ ಪಾರ್ಕರ್ ಶರಣಾದ ಮೇಲೆ ಎಲ್ಲ ಮುಗಿಯಿತು. ಮರುವರ್ಷವೇ, 1876ರಲ್ಲಿ, ದನ ಸಾಕುವ ಒಡೆಯ ಚಾರ್ಲ್ಸ್ ಗುಡ್‌ನೈಟ್ ತನ್ನ ದನಗಳನ್ನು ಖಾಲಿಯಾದ ಕಮರಿಗೆ ಇಳಿಸಿದ. ನಾಟಕ ಶುರುವಾಗುವುದು ಇಷ್ಟೆಲ್ಲ ತೀರಿದ ಮೇಲೆ. ಮೂಲನಿವಾಸಿಗಳ ಪ್ರಸ್ತಾಪ ಅದರಲ್ಲಿ ಎಷ್ಟೇ ಬರಲಿ, ಕಥೆ ತಿರುಗುವ ಗೂಟ ಅವರದಲ್ಲ. ಇಂಥ ಆಟಕ್ಕೆ ಟಿಕೆಟ್ಟು ಕೊಳ್ಳುವುದೇ ತಪ್ಪು ಅಂದರೆ ಏನು ಹೇಳುತ್ತೀರಿ?

ಅವಳು: ನೀವು ಹೇಳಿದ ಪ್ರತಿಯೊಂದೂ ಸರಿ, ಅದಕ್ಕೆ ಇನ್ನೊಂದು ಕೊಂಡಿಯನ್ನು ನಾನೇ ಸೇರಿಸುತ್ತೇನೆ. ಗುಡ್‌ನೈಟನ ಜೆಎ ರ‍್ಯಾಂಚ್‌ಗೆ ಹಣ ಹಾಕಿ 1877ರಲ್ಲಿ ಪಾಲುದಾರನಾದವನು ಜಾನ್ ಅಡೇರ್ ಎಂಬ ಐರಿಶ್ ಜಮೀನುದಾರ. ಅದೇ ಅಡೇರ್ 1861ರಲ್ಲಿ ಐರ್ಲೆಂಡಿನ ಡೊನೆಗಾಲ್‌ನಲ್ಲಿ ತನ್ನ ಒಕ್ಕಲುಗಳಲ್ಲಿ 244 ಜನರನ್ನು ಮನೆಗಳಿಂದ ಹೊರಗೆ ಹಾಕಿಸಿದವನು. ಒಂದು ಖಂಡದಲ್ಲಿ ಜನರನ್ನು ಎಬ್ಬಿಸಿದ ಹಣ ಇನ್ನೊಂದು ಖಂಡದಲ್ಲಿ ಜನ ಎದ್ದುಹೋದ ಜಾಗಕ್ಕೆ ಬಂತು. ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ನಾಟಕದ ಲೋಪ ನಮಗೆ ಇಷ್ಟು ಚುಚ್ಚುವುದು ಯಾಕೆ? ಇದೇ ಸ್ಕ್ರಿಪ್ಟನ್ನು ನ್ಯೂಯಾರ್ಕಿನ ಯಾವುದೋ ಸಭಾಂಗಣದಲ್ಲಿ ಆಡಿದ್ದರೆ ಹಳೇ ಮಾದರಿಯ ಒಂದು ಸಂಗೀತ ನಾಟಕ ಎಂದು ಮರೆತುಬಿಡುತ್ತಿದ್ದೆವು. ಕಮರಿಯಲ್ಲಿ ಆಡಿದ್ದರಿಂದ, ಕಮರಿಯಲ್ಲಿ ಆದದ್ದು ನಮ್ಮ ಪ್ರಶ್ನೆಯಾಯಿತು. ಉದ್ಯಾನದೊಳಗೇ ಆ ಯುದ್ಧವನ್ನು ನೆನೆಯುವ ಫಲಕವಿದೆ, ಗುಡ್‌ನೈಟ್ ಇದ್ದಂಥ ನೆಲಮನೆಯ ಮಾದರಿಯಿದೆ. ರಾತ್ರಿ ನೋಡಿದ ನಾಟಕಕ್ಕೆ ಬೆಳಿಗ್ಗೆ ಓದಿದ ಫಲಕ ಎದುರುತ್ತರ ಕೊಡುತ್ತದೆ. ಟಿಕೆಟ್ಟು ಕೊಳ್ಳಬೇಡಿ ಎಂದರೆ ಈ ಮುಖಾಮುಖಿಯೇ ತಪ್ಪಿಹೋಗುತ್ತದೆ.

ಅವನು: ಅಂದರೆ ನಾಟಕಕಾರ ಬಿಟ್ಟದ್ದನ್ನು ಪ್ರೇಕ್ಷಕ ತುಂಬಿಕೊಳ್ಳಬೇಕೇ? ಬರೆಯುವವನ ಹೊಣೆಯನ್ನು ರಜೆಗೆ ಬಂದವನ ತಲೆಗೆ ಕಟ್ಟಿದ ಹಾಗಾಯಿತು. ಹಾಡು, ಕುಣಿತ, ಸಿಡಿಮದ್ದಿನ ಈ ಪ್ರಕಾರಕ್ಕೆ ಅವಮಾನದ ಇತಿಹಾಸವನ್ನು ಹೊರುವ ಶಕ್ತಿಯೇ ಇಲ್ಲ ಎಂದು ನೇರವಾಗಿ ಒಪ್ಪಿಕೊಳ್ಳುವುದು ವಾಸಿ.

ಅವಳು: ಶಕ್ತಿ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ, ಪುರಾವೆ ಬೇರೆಯೇ ಹೇಳುತ್ತದೆ. ಪಾಲ್ ಗ್ರೀನ್ ಏನೂ ತಿಳಿಯದ ಮುಗ್ಧರಲ್ಲ; ಅವರಿಗೆ ಪುಲಿಟ್ಜರ್ ತಂದ ನಾಟಕ ದಕ್ಷಿಣದ ಕಪ್ಪು ಶಿಕ್ಷಕನೊಬ್ಬನ ದುರಂತ, 1941ರಲ್ಲಿ ರಿಚರ್ಡ್ ರೈಟ್ ಜೊತೆ ಕೂತು 'ನೇಟಿವ್ ಸನ್' ಕಾದಂಬರಿಯನ್ನು ರಂಗಕ್ಕೆ ತಂದವರು ಅವರು. 'ಟೆಕ್ಸಾಸ್' ಬಂದ ನಾಲ್ಕೇ ವರ್ಷಕ್ಕೆ, 1970ರಲ್ಲಿ, ಒಹಾಯೊದಲ್ಲಿ ಅವರ 'ಟ್ರಂಪೆಟ್ ಇನ್ ದ ಲ್ಯಾಂಡ್' ಶುರುವಾಯಿತು. ಅದೂ ಹಾಡು-ಕುಣಿತದ ಬಯಲು ನಾಟಕವೇ. ಅದು ಹೋಗಿ ಮುಟ್ಟುವುದು 1782ರ ನಾಡೆನ್‌ಹಟನ್ ಹತ್ಯಾಕಾಂಡವನ್ನು. ಕ್ರೈಸ್ತರಾಗಿದ್ದ, ಆಯುಧ ಹಿಡಿಯದ 96 ಡೆಲವೇರ್ ಜನರನ್ನು ಬಿಳಿಯರ ಸ್ಥಳೀಯ ಪಡೆ ಕೊಂದದ್ದು. ಆಡುವುದು ಆ ಜಾಗದಿಂದ ಕೆಲವೇ ಮೈಲಿ ದೂರದಲ್ಲಿ. ಇನ್ನೊಂದು ಉದಾಹರಣೆ ನಾರ್ತ್ ಕ್ಯಾರೊಲಿನಾದ ಚೆರೊಕಿ ಊರಿನದು. ಅಲ್ಲಿ 1950ರಿಂದ ಕರ್ಮಿಟ್ ಹಂಟರ್ ಬರೆದ 'ಅನ್‌ಟು ದೀಸ್ ಹಿಲ್ಸ್' ನಡೆಯುತ್ತಿತ್ತು. ಚೆರೊಕಿಗಳ ಬಗ್ಗೆ ಬಿಳಿಯ ಲೇಖಕ ಬರೆದದ್ದು. 2006ರಲ್ಲಿ ಅದನ್ನು ಹೊಸದಾಗಿ ಬರೆದವರು ಹನೇ ಗೈಯೊಗಮಾ, ಕೈಯೊವಾ ಜನಾಂಗದ ನಾಟಕಕಾರ. ಪಾಲೊ ಡ್ಯೂರೊದಲ್ಲಿ ಡೇರೆ ಸುಟ್ಟುಹೋದವರಲ್ಲಿ ಕೈಯೊವಾ ಜನರೂ ಇದ್ದರು ಎಂಬುದನ್ನು ನೀವೇ ಈಗ ಹೇಳಿದಿರಿ. ಅಂದಮೇಲೆ ಈ ಪ್ರಕಾರಕ್ಕೆ ಹೊರುವ ಶಕ್ತಿಯೂ ಇದೆ, ತಿದ್ದಿಕೊಳ್ಳುವ ಶಕ್ತಿಯೂ ಇದೆ. ತಿದ್ದುವಂತೆ ಒತ್ತಾಯಿಸಬೇಕಾದವರು ಪ್ರೇಕ್ಷಕರು, ಆ ಒತ್ತಾಯ ಹುಟ್ಟುವುದು ಜಾಗದ ಪರಿಚಯ ಇದ್ದವರಲ್ಲಿ. ನಾಟಕಕಾರನ ಹೊಣೆಯನ್ನು ನಾನು ಇಳಿಸುತ್ತಿಲ್ಲ. ಹೊಣೆ ನೆನಪಿಸುವವರು ಎಲ್ಲಿಂದ ಬರಬೇಕು ಎಂದು ಹೇಳುತ್ತಿದ್ದೇನೆ.

ಅವನು: ಆದರೆ ಆ ಕ್ಯಾಂಪಿನಲ್ಲೇ ಇನ್ನೊಂದು ಬಗೆಯವರಿದ್ದಾರಲ್ಲ. ನಾಟಕಕ್ಕೆ ಬಂದವರಲ್ಲ ಅವರು, ನಕ್ಷತ್ರಕ್ಕೆ ಬಂದವರು, ಮೌನಕ್ಕೆ ಬಂದವರು. ಟೆಕ್ಸಾಸಿನ ರಾಜ್ಯ ಉದ್ಯಾನಗಳಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದೆಂಬ ನಿಯಮ. ಜನರೇಟರ್ ಹಾಕಿದವನಿಗೆ ಎಚ್ಚರಿಕೆ, ಹತ್ತಿರದಲ್ಲೇ ಸಿಡಿಮದ್ದಿಗೆ ಪರವಾನಗಿ. ಸಾರ್ವಜನಿಕರ ಕಾಡನ್ನು ಹೀಗೆ ಬೇಸಿಗೆಯುದ್ದಕ್ಕೂ ಒಂದು ಪ್ರದರ್ಶನಕ್ಕೆ ಬಿಟ್ಟುಕೊಡುವುದು ಯಾವ ನ್ಯಾಯ?

ಅವಳು: ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. ಕಮರಿ ಉದ್ದ, ಕ್ಯಾಂಪುಗಳು ಒಂದೇ ಕಡೆ ಇಲ್ಲ. ಮೌನ ಬೇಕಾದವರಿಗೆ ರಸ್ತೆಯ ತುದಿಯ ಕ್ಯಾಂಪುಗಳಿವೆ. ಒಣಹವೆ ಮಿತಿ ಮೀರಿದಾಗ ಸಿಡಿಮದ್ದನ್ನು ಕೈಬಿಡಲೇಬೇಕಾಗುತ್ತದೆ, ಅದಿಲ್ಲದೆಯೂ ಆಟ ನಡೆಯುತ್ತದೆ. ಇದೇ ನಿಮಗೆ ಒಂದು ವಾದ ಕೊಡುತ್ತದೆ: ಇಲ್ಲದೆ ನಡೆಯುವುದಾದರೆ ಅದು ಇರಲೇಬೇಕೆಂದಿಲ್ಲ. ಸಿಡಿಮದ್ದಿನ ಪರ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಮುಟ್ಟದ ಪ್ರಕೃತಿಯೊಳಗೆ ನಾಟಕ ನುಗ್ಗಿತು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಆರ್‌ವಿಗಳು ಇಳಿಯುವ ಆ ರಸ್ತೆಯನ್ನು ಕಡಿದದ್ದು 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗೆ ಸರ್ಕಾರ ಕಟ್ಟಿದ ಸಿಸಿಸಿ ದಳ. ಗುದ್ದಲಿ, ಪಿಕಾಸಿ, ಸಿಡಿಮದ್ದು ಅವರೂ ಬಳಸಿದರು. ಆ ದಳದಲ್ಲಿ ಕಪ್ಪು ಯುವಕರ ಕಂಪನಿಗಳೂ ಇದ್ದವು. 1934ರ ಜುಲೈ 4ರಂದು ಉದ್ಯಾನ ತೆರೆಯುವ ಮೊದಲು ಅದು ದನದ ಹುಲ್ಲುಗಾವಲು, ಅದಕ್ಕೂ ಮೊದಲು ಬೀಡು ಬಿಡುವ ನೆಲ, ಕಾಡೆಮ್ಮೆಯ ನೆಲ. ಜನರ ಕೈ ಮುಟ್ಟದ ಕಮರಿ ಎಂಬುದೂ ಒಂದು ನಾಟಕವೇ. ಅದಕ್ಕೆ ಟಿಕೆಟ್ಟಿಲ್ಲ ಅಷ್ಟೆ.

ಅವನು: ಕೊನೆಯ ಪ್ರಶ್ನೆ, ತುಂಬ ವ್ಯವಹಾರದ್ದು. ಡಾಲಸ್ಸಿನಲ್ಲಿ, ಆಸ್ಟಿನ್ನಿನಲ್ಲಿ ನಮ್ಮ ಕನ್ನಡದ ಸಂಸಾರಗಳು ಎಷ್ಟಿಲ್ಲ? ಬೇಸಿಗೆ ರಜೆಗೆ ಬಾಡಿಗೆ ಮೋಟರ್‌ಹೋಮ್ ಹಿಡಿದು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಕೊಲೊರಾಡೊ ಕಡೆಗೆ ಹೋಗುವವರಿಗೆ ಅಮರಿಲ್ಲೊ ದಾರಿಯ ನಡುವಿನ ತಂಗುದಾಣ. ಮಕ್ಕಳಿಗೆ ಕುದುರೆ ಬೇಕು, ಅಜ್ಜಿಗೆ ತಣ್ಣಗಿನ ಗಾಳಿ ಬೇಕು. ಅವರ ಕೈಗೆ ನೀವು ಇತಿಹಾಸದ ಹೋಮ್‌ವರ್ಕು ಕೊಡುತ್ತಿದ್ದೀರಿ. ಸಂತೋಷಕ್ಕೆ ಬಂದವರನ್ನು ಸುಮ್ಮನೆ ಸಂತೋಷಪಡಲು ಬಿಟ್ಟರೆ ಏನು ಗಂಟು ಹೋಗುತ್ತದೆ?

ಅವಳು: ಸಂತೋಷಕ್ಕೂ ತಿಳಿವಿಗೂ ಜಗಳ ಹಚ್ಚುವ ಅಭ್ಯಾಸ ನಮ್ಮದು, ಮಕ್ಕಳದ್ದಲ್ಲ. ಬಾವುಟ ಹಿಡಿದ ಸವಾರನನ್ನು ರಾತ್ರಿ ಬಾಯಿ ಬಿಟ್ಟು ನೋಡಿದ ಹುಡುಗಿ ಬೆಳಿಗ್ಗೆ ಫಲಕದ ಮುಂದೆ ನಿಂತು, ಇಲ್ಲಿ ಸಾವಿರ ಕುದುರೆ ಯಾಕೆ ಕಳೆದುಕೊಂಡರು ಎಂದು ಕೇಳಿದರೆ, ಅದಕ್ಕೆ ಹೋಮ್‌ವರ್ಕು ಎಂಬ ಹೆಸರು ಬೇಡ. ಸವಾರ ಹಿಡಿಸಿದ್ದರಿಂದಲೇ ಕುದುರೆಗಳ ಪ್ರಶ್ನೆ ಬಂತು. ಫಲಕವನ್ನಷ್ಟೇ ತೋರಿಸಿದ್ದರೆ ಅವಳು ಓದದೆ ಮುಂದೆ ಹೋಗುತ್ತಿದ್ದಳು, ನಾಟಕವನ್ನಷ್ಟೇ ತೋರಿಸಿದ್ದರೆ ಕೇಳದೆ ನಿದ್ದೆ ಹೋಗುತ್ತಿದ್ದಳು. ಅಜ್ಜಿಯ ವಿಷಯ ಇನ್ನೂ ಸುಲಭ. ಮಧ್ಯಾಹ್ನದ ಉರಿಗೆ ಗಾಡಿಯ ಏಸಿ ಇದ್ದೇ ಇದೆ, ಒಳಗೆ ತಂಪು. ಇನ್ನೂ ಒಂದು ದಿನ ಇದ್ದರೆ ಆಗ್ನೇಯಕ್ಕೆ ಕ್ಯಾಪ್‌ರಾಕ್ ಕ್ಯಾನ್ಯನ್ಸ್ ಉದ್ಯಾನವಿದೆ. ಕಾಡೆಮ್ಮೆಗಳು ಇನ್ನೇನು ಮುಗಿದೇಹೋದವು ಎಂಬ ಕಾಲದಲ್ಲಿ ಗುಡ್‌ನೈಟನ ಹೆಂಡತಿ ಮೇರಿ ಆ್ಯನ್ ತಾಯಿಯಿಲ್ಲದ ಕೆಲವು ಕರುಗಳನ್ನು ಉಳಿಸಿ ಸಾಕಿಸಿದಳು. ಆ ಹಿಂಡಿನ ಸಂತತಿ ಇವತ್ತು ಅಲ್ಲಿ ಮೇಯುತ್ತದೆ. ಕಮರಿಯನ್ನು ಖಾಲಿ ಮಾಡಿದ್ದರಿಂದ ಲಾಭ ಪಡೆದ ಮನೆಯಲ್ಲೇ ಉಳಿಸುವ ಕೈಯೂ ಇತ್ತು. ಆ ಚರಿತ್ರೆಯನ್ನು ಒಂದೇ ಬಣ್ಣದಲ್ಲಿ ಬರೆಯಲು ನನಗೂ ಆಗದು, ನಿಮಗೂ ಆಗದು, ಸಿಡಿಮದ್ದಿಗೂ ಆಗದು.

ಅವನು: ಒಟ್ಟಿನಲ್ಲಿ ನೀವು ಹೇಳುವುದು, ನಾಟಕ ಕೆಟ್ಟದ್ದಾದರೂ ನೋಡಬೇಕು, ಒಳ್ಳೆಯದಾದರೂ ಉಳಿಯಬೇಕು ಎಂದು. ಹೀಗೆ ಎರಡೂ ಕಡೆ ಬಾಗಿಲು ತೆರೆದಿಟ್ಟರೆ ಯಾರೂ ನಿಮ್ಮನ್ನು ಸೋಲಿಸಲಾರರು.

ಅವಳು: ಸೋಲಿಸುವ ದಾರಿ ಇದೆ, ನಾನೇ ಹೇಳುತ್ತೇನೆ. ಕ್ಯಾಂಪಿನಲ್ಲಿ ಉಳಿದವರೂ ಉಳಿಯದವರೂ ನಾಟಕದ ಬಗ್ಗೆ ಒಂದೇ ಮಾತು ಹೇಳುತ್ತಾರೆ, ಮರುದಿನದ ನಡಿಗೆ ಯಾರ ಅಭಿಪ್ರಾಯವನ್ನೂ ಕದಲಿಸುವುದಿಲ್ಲ ಎಂದು ಯಾರಾದರೂ ತೋರಿಸಿದರೆ ನನ್ನ ವಾದ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ನನ್ನ ಸಲಹೆ ಇಷ್ಟೇ: ಟಿಕೆಟ್ಟು ಮೊದಲ ದಿನಕ್ಕೆ, ಕ್ಯಾಂಪು ಎರಡು ರಾತ್ರಿಗೆ.

ಅವನು: ಬೇಸಿಗೆಯ ವಾರಾಂತ್ಯಕ್ಕೆ ಆ ಕ್ಯಾಂಪುಗಳು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಅವಳು: ನಾಟಕ ವಾರದ ದಿನವೂ ಇರುತ್ತದೆ. ಬುಧವಾರಕ್ಕೆ ನೋಡಿ, ಸಿಗಬಹುದು.